ಮೇ ಇಪ್ಪತ್ತನಾಲ್ಕು, ಒಂಬತ್ತರಿಂದ ನಾಲ್ಕು

ನೊಣದ ಕಾಲು ಸಿಕ್ಕಿಕೊಂಡಿದೆ, ಅವಳ ಎಡಗಣ್ಣಿನ ಕೆಳಗೆ, ರೆಕ್ಕೆ ಬಡಿಯುತ್ತದೆ, ಸುಮ್ಮನಾಗುತ್ತದೆ, ಮತ್ತೆ ಬಡಿಯುತ್ತದೆ, ಹತ್ತು ವರ್ಷ ಹಳೆಯ ಚಿತ್ರಕ್ಕೆ ನೊಣ ಅಂಟಿಕೊಳ್ಳುವುದುಂಟೇ, ಒಕ್ತಾವ್ ಬ್ರಿಸಾರ್ ಏಣಿಯ ಮೇಲೆ ನಿಂತು ಕನ್ನಡಕವನ್ನು ಹಣೆಗೇರಿಸಿ ಮೂಗು ತಾಗುವಷ್ಟು ಬಗ್ಗಿದ, ಹೌದು, ಒಣಗಿಲ್ಲ, ಜೂನ್ ಸೆಕೆಗೆ ಬಣ್ಣ ಮತ್ತೆ ಕರಗಿದೆ, ಕಣ್ಣು ಇರಬೇಕಾದಲ್ಲಿ ಇಲ್ಲ, ಬೆರಳಗಲ ಕೆಳಗೆ ಜಾರಿ ಕೆನ್ನೆಯ ಮೇಲೆ ಕೂತಿದೆ, ಹುಬ್ಬು ಮಾತ್ರ ಮೇಲೆಯೇ ಉಳಿದಿದೆ — ಗುರುವಾರ ಮಂತ್ರಿಗಳು ಬರುತ್ತಾರೆ, ಅಷ್ಟರೊಳಗೆ ದಯಮಾಡಿ ಸರಿಪಡಿಸಿ ಎಂದು ಚಿತ್ರಶಾಲೆಯ ಅಧಿಕಾರಿ ಬರೆದಿದ್ದ, ಸೋಮವಾರ ಬನ್ನಿ, ಅಂದು ಸಾರ್ವಜನಿಕರಿಗೆ ಬಾಗಿಲು ಮುಚ್ಚಿರುತ್ತದೆ, ಯಾರೂ ನೋಡುವುದಿಲ್ಲ. ಯಾರೂ ನೋಡುವುದಿಲ್ಲವಂತೆ. ಕೆಳಗೆ ಕೆಂಪು ಮಖಮಲ್ಲಿನ ಬೆಂಚಿನ ಮೇಲೆ ಅವಳೇ ಕೂತಿದ್ದಾಳಲ್ಲ, ಈ ಚಿತ್ರದೊಳಗೆ ಬೆತ್ತಲೆ ನಿಂತಿರುವವಳು, ಜೆಫಿರಿನ್, ಬಟ್ಟೆ ಒಗೆಯುತ್ತಿದ್ದವಳು, ಈಗ ಮೈತುಂಬ ಬೂದುಬಣ್ಣದ ಶಾಲು ಹೊದ್ದುಕೊಂಡು, ಮುಂದಿನ ಹಲ್ಲು ಎರಡಿಲ್ಲದೆ, ಸಮುದ್ರದಾಚೆಯ ಕೈದಿಗಳ ದ್ವೀಪದಿಂದ ಒಂಬತ್ತು ವರ್ಷದ ಮೇಲೆ ಬಂದವಳು. ಕಾವಲಿನ ಮುದುಕ ಪೆರೋ ಅವಳನ್ನು ಒಳಗೆ ಬಿಟ್ಟಿದ್ದ, ನಿಮ್ಮ ಮಾಡೆಲ್ ಅಂತೆ ಮೇಷ್ಟ್ರೇ, ಬರಹೇಳಿದ್ದೀರಂತೆ. ಅವನು ಬರಹೇಳಿರಲಿಲ್ಲ. ಮನೆಗೆ ಹೋಗಿ ಅಡುಗೆಯವಳಿಂದ ಸುಳಿವು ತೆಗೆದುಕೊಂಡು ಬಂದಿದ್ದಾಳೆ, ಅಡುಗೆಯವಳನ್ನು ಇವತ್ತೇ ಬಿಡಿಸಬೇಕು, ಅಥವಾ ಬೇಡ, ಬಿಡಿಸಿದರೆ ಅವಳು ಬೀದಿತುಂಬ ಹೇಳಿಕೊಂಡು ತಿರುಗುತ್ತಾಳೆ, ಮೊದಲು ಈ ನೊಣ, ಚಿಮಟದಲ್ಲಿ ಹಿಡಿದು ಎತ್ತಿದರೆ ಕಾಲು ಅಲ್ಲೇ ಉಳಿಯಿತು.

ನಾನು ಜಗಳಕ್ಕೆ ಬಂದಿಲ್ಲ ಮುಸ್ಯೂ ಬ್ರಿಸಾರ್, ಎಂದಿದ್ದಳು ಬಂದವಳೇ, ಕಚ್ಚೋಕೆ ಹಲ್ಲು ಬೇಕು, ಅದೇ ಇಲ್ಲ ನೋಡಿ, ಎಂದು ತಾನೇ ನಕ್ಕಿದ್ದಳು, ಕೋರ್ಟು ಬೇಡ, ಪತ್ರಿಕೆಯೋರು ಬೇಡ, ಸರ್ಕಾರ ಕ್ಷಮಿಸಿದ್ದೀನಿ ಅಂತ ಕಾಗದ ಕೊಟ್ಟಿದೆ, ಮಾಡದೇ ಇರೋ ತಪ್ಪಿಗೆ ಕ್ಷಮೆ, ಅದನ್ನ ಮಡಿಸಿ ಬೂಟಿನ ತೂತಿಗೆ ಇಟ್ಕೊಂಡಿದ್ದೀನಿ. ನನಗೆ ನನ್ನ ಹುಡುಗಿ ಬೇಕು. ಲಿಯೋನಿ. ಆಗ ಆರು ವರ್ಷದೋಳು, ಈಗ ಹದಿನಾರು, ನಾದಿನಿ ಸಿದೋನಿ ಸಾಕಿದ್ದಾಳೆ, ಪಾಪ ಚೆನ್ನಾಗೇ ಸಾಕಿದ್ದಾಳೆ. ಮೂರು ಸಲ ಹೋದೆ, ಬಾಗಿಲು ತೆಗೀಲಿಲ್ಲ. ಬಾಗಿಲ ಸಂದಿಯಿಂದ ಹುಡುಗಿ ಹೇಳ್ತಾಳೆ, ನಮ್ಮತ್ತೆ ಕೂಸನ್ನ ಸುಟ್ಟೋಳು ನೀನು, ನನ್ನಮ್ಮ ಸತ್ತುಹೋದಳು, ಹೋಗು. ಸಿದೋನಿಯ ಕೂಸು ಸತ್ತಿದ್ದು ನಿಜ ಮುಸ್ಯೂ, ಅವರ ಓಣಿಗೆ ಬೆಂಕಿ ಬಿದ್ದಿದ್ದು ಆ ಬುಧವಾರ ಮಧ್ಯಾಹ್ನ, ಗಂಟೆ ಹನ್ನೆರಡು ಹೊಡೆದ ಮೇಲೆ ಅಂತ ಅವಳೇ ಸಾಕ್ಷಿ ಹೇಳಿದ್ದು. ಹನ್ನೆರಡು ಹೊಡೆದಾಗ ನಾನೆಲ್ಲಿದ್ದೆ? ನಿಮಗೆ ಗೊತ್ತು. ನನಗೆ ಗೊತ್ತು. ಮೂರನೇದು ಆ ಹಾಳೆಗೆ ಗೊತ್ತು. ಆಮೇಲೆ ಅವನು ಚೀಲ ಬಿಚ್ಚಿ ಕಣ್ಣು ತಿದ್ದಲೆಂದು ತಂದಿದ್ದ ಹಳೆಯ ಇದ್ದಿಲಿನ ಚಿತ್ರವನ್ನು ಹೊರತೆಗೆದಾಗ ಅವಳು ಬೆಂಚಿನಿಂದ ಎದ್ದುಬಿಟ್ಟಿದ್ದಳು, ಇದೇ ಹಾಳೆ! ಕೆಳಗಡೆ ಮೂಲೇಲಿ ಬರೆದಿದ್ದೀರಿ, ಬರೀತಾ ಬರೀತಾ ಬಾಯಲ್ಲಿ ಓದಿದ್ರಿ, ಜೆಫಿರಿನ್, ಮೇ ಇಪ್ಪತ್ತನಾಲ್ಕು, ಒಂಬತ್ತರಿಂದ ನಾಲ್ಕು. ಇದೊಂದು ಹಾಳೆ ಕೊಡಿ ಮುಸ್ಯೂ. ನನ್ನ ಹುಡುಗಿ ಓದ್ತಾಳೆ, ಕನ್ಯಾಸ್ತ್ರೀಯರ ಶಾಲೇಲಿ ಕಲಿತಿದ್ದಾಳೆ. ನಿಮ್ಮ ಕೈಬರಹ ನೋಡಿದರೆ ಬಾಗಿಲು ತೆಗೀತಾಳೆ.

ಕಣ್ಣು ತಿದ್ದಿದ ಮೇಲೆ ಕೊಡ್ತೀನಿ, ಅಂದುಬಿಟ್ಟಿದ್ದ. ಯಾಕೆ ಅಂದೆ, ಇಲ್ಲ ಅಂದಿದ್ದರೆ ಪೆರೋನೇ ಹೊರಗೆ ಹಾಕುತ್ತಿದ್ದ, ಅಂದದ್ದಾಯಿತು, ಈಗ ಕಣ್ಣು ತಿದ್ದುವಷ್ಟು ಹೊತ್ತು ತನ್ನದು, ಎರಡು ಗಂಟೆ, ಎಳೆದರೆ ಮೂರು. ಹಾಳೆಯನ್ನು ಚಿತ್ರದ ಪಕ್ಕದಲ್ಲಿ ಮೊಳೆಗೆ ಸಿಕ್ಕಿಸಿದ. ಮೂಲೆಯಲ್ಲಿ ಹೀಗೆ ಬರೆದಿಡುವ ಚಾಳಿ ಅಪ್ಪನ ಕಾಲದಿಂದ ಬಂದದ್ದಲ್ಲ, ಕಲಾಶಾಲೆಯಲ್ಲಿ ಹದಿನೆಂಟನೇ ವಯಸ್ಸಿನಲ್ಲಿ ಅಂಟಿದ್ದು, ಭಂಗಿ ನಿಂತವರ ಹೆಸರು, ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಬರೆದು ಗಟ್ಟಿಯಾಗಿ ಓದಬೇಕು, ಆಮೇಲೆ ಮಾಡೆಲ್ ಇನ್ನೂ ಅರ್ಧ ಗಂಟೆ ನಿಂತಿದ್ದೆ ಎಂದು ಕ್ಯಾತೆ ತೆಗೆಯಬಾರದು, ಇಸವಿಯನ್ನು ಮಾತ್ರ ರೋಮನ್ ಅಂಕಿಗಳಲ್ಲಿ, ಶಿಲಾಶಾಸನದ ಗತ್ತಿನಲ್ಲಿ. ನಲವತ್ತು ವರ್ಷ, ಒಂದು ಹಾಳೆಯನ್ನೂ ಹಾಗೆ ಬರೆಯದೆ ಬಿಟ್ಟವನಲ್ಲ. ಅಂದು ದಂಗೆಯಲ್ಲಿ ಪ್ಯಾರಿಸ್ ಉರಿಯುತ್ತಿದ್ದರೂ ಬರೆದ. ಸುಡಬಹುದಿತ್ತು ಆಮೇಲೆ. ಸುಡಲಿಲ್ಲ ಯಾಕೆಂದರೆ ಚೆನ್ನಾಗಿ ಬಂದಿತ್ತು, ಕುತ್ತಿಗೆ ತಿರುಗಿದ ಬಗೆ, ಭುಜದ ಮೂಳೆ, ಬದುಕಿನಲ್ಲಿ ಅಷ್ಟು ಚೆನ್ನಾದ ಭುಜವನ್ನು ಎರಡನೇ ಸಲ ಬರೆಯಲಾಗಲಿಲ್ಲ, ಮನುಷ್ಯರನ್ನು ಕೊಟ್ಟುಬಿಡಬಹುದು, ಭುಜವನ್ನು ಹೇಗೆ ಕೊಡುವುದು.

ಚಿಂದಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಜಾರಿದ ಕಣ್ಣನ್ನು ಒರೆಸುತ್ತಾನೆ, ಕಂದು ಲೋಳೆ ಬರುತ್ತದೆ, ಇದು ಡಾಂಬರಿನ ಕಂದು, ವಿದ್ಯಾರ್ಥಿಗಳಿಗೆ ಮೊದಲ ವಾರವೇ ಹೇಳಿಕೊಡುತ್ತಾನೆ, ಮೈಬಣ್ಣದ ಅಡಿಗೆ ಡಾಂಬರು ಹಾಕಬೇಡಿರೋ, ಹಾಕಿದ ದಿನ ತುಪ್ಪದ ಹಾಗೆ ಹೊಳೆಯುತ್ತದೆ, ಮುಂದೆ ಜನ್ಮದಲ್ಲಿ ಒಣಗುವುದಿಲ್ಲ, ಮೇಲಿನ ಬಣ್ಣವನ್ನೆಲ್ಲ ಹೆಗಲ ಮೇಲೆ ಹೊತ್ತುಕೊಂಡು ಇಳಿಯುತ್ತದೆ. ಹೇಳಿಕೊಡುವವನೇ ಹಾಕಿದ. ಬೇರೆ ದಾರಿ ಇರಲಿಲ್ಲ, ಅಂದಿನ ಬೆಳಕು ಹಾಗಿತ್ತು, ಮಾಳಿಗೆಯ ಗಾಜಿನಿಂದ ಇಳಿಯುತ್ತಿದ್ದುದು ಸೂರ್ಯನದ್ದಲ್ಲ, ಬೆಟ್ಟದ ಕೆಳಗೆ ಅರಮನೆ ಉರಿಯುತ್ತಿತ್ತು, ನಗರಸಭೆ ಉರಿಯುತ್ತಿತ್ತು, ಹೊಗೆಯ ಹೊಟ್ಟೆಯಡಿಯಿಂದ ಕೆಂಪುಗಂದು ಬೆಳಕು ಹೊರಳಿ ಹೊರಳಿ ಬಂದು ಅವಳ ತೊಡೆಯ ಮೇಲೆ, ಪಕ್ಕೆಯ ಮೇಲೆ ನಡುಗುತ್ತಿತ್ತು, ಅದನ್ನು ಹಿಡಿಯಲು ಡಾಂಬರು ಬಿಟ್ಟರೆ ಯಾವ ಬಣ್ಣವಿತ್ತು. ಟ್ರಾಯ್ ಪಟ್ಟಣ ಉರಿಯುವಾಗ ಸೆರೆಸಿಕ್ಕ ರಾಜಕುಮಾರಿ. ಎರಡು ವರ್ಷದಿಂದ ಹೆಣಗಿ ಸೋತು ಮೂಲೆಗೆ ತಿರುಗಿಸಿಟ್ಟಿದ್ದ ಕ್ಯಾನ್ವಾಸು, ಬೆಂಕಿ ಮಾತ್ರ ಬರುತ್ತಿರಲಿಲ್ಲ, ಅಗ್ಗಿಷ್ಟಿಕೆ ಉರಿಸಿ ನೋಡಿದ್ದ, ಪಂಜು ಹಿಡಿಸಿ ನೋಡಿದ್ದ, ಅಂದು ಬೆಳಿಗ್ಗೆ ಬಾಗಿಲು ಬಡಿದವಳು ಅವಳು. ಒಳಗೆ ಬಿಡಿ ಮುಸ್ಯೂ, ನಿನ್ನೆಯಿಂದ ಬೀದೀಲಿ ಸೈನಿಕರು ಹೆಂಗಸರನ್ನೂ ಗೋಡೆಗೆ ನಿಲ್ಲಿಸ್ತಿದ್ದಾರೆ. ಬಿಟ್ಟ. ಬಿಟ್ಟವನು ಏನೆಂದ? ಹೇಗೂ ಬಂದಿದ್ದೀಯ, ಬಟ್ಟೆ ಬಿಚ್ಚಿ ನಿಲ್ಲು.

ನಿಂತಳು, ಏಳು ಗಂಟೆ ಹೊತ್ತು, ಕೈಗಳನ್ನು ಮುಂದಕ್ಕೆ ಕಟ್ಟಿಸಿಕೊಂಡು, ಕೆಳಗೆ ಬೀದಿಯಲ್ಲಿ ಗುಂಡಿನ ಸದ್ದಾದಾಗಲೆಲ್ಲ ಹೊಟ್ಟೆಯ ಚರ್ಮ ಅದುರುತ್ತಿತ್ತು, ಅಲುಗಬೇಡ ಎಂದು ಗದರಿದ, ಆ ಅದುರುವಿಕೆಯನ್ನೂ ಬಿಡದೆ ಬರೆದ, ಮುಂದಿನ ವರ್ಷ ಪ್ರದರ್ಶನದಲ್ಲಿ ವಿಮರ್ಶಕನೊಬ್ಬ ಅದೇ ಹೊಟ್ಟೆಯ ಮುಂದೆ ನಿಂತು ಬರೆದ, ಭಯವನ್ನು ಇಷ್ಟು ಸುಂದರವಾಗಿ ಕಲ್ಪಿಸಿಕೊಳ್ಳಲು ಮಹಾಕಲಾವಿದನಿಗೆ ಮಾತ್ರ ಸಾಧ್ಯ. ಕಲ್ಪನೆ! ಕೆಳಗೆ ಪೆರೋ ಅವಳನ್ನು ಮಾತಿಗೆಳೆದಿದ್ದಾನೆ, ಏನಜ್ಜಿ, ಮೇಲಿರೋ ರಾಜಕುಮಾರಿ ನೀನೇನಾ, ಅಯ್ಯೋ ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ. ಅಜ್ಜಿ ಅಂತೀಯೇನೋ ಮುದಿಯಾ, ನನಗಿನ್ನೂ ನಲವತ್ತಾಗಿಲ್ಲ, ಎನ್ನುತ್ತಾಳೆ ಅವಳು, ಆಗ ನನ್ನ ಮೈ ನೋಡೋಕೆ ಮಂತ್ರಿಗಳು ಸಾಲು ನಿಂತಿದ್ದರಂತೆ, ಈಗ ಪೊಲೀಸಿನೋನು ಬಿಟ್ಟು ಯಾರೂ ತಿರುಗಿ ನೋಡಲ್ಲ. ಮೈ ನಂದೇ ಕಣಯ್ಯ. ಕೈ ಮಾತ್ರ ನಂದಲ್ಲ. ನೋಡು ಎಷ್ಟು ಬೆಳ್ಳಗೆ, ಯಾವಳೋ ಡ್ಯೂಕನ ಹೆಂಡತಿ ಕೈ ಕತ್ತರಿಸಿ ನನಗೆ ಹೊಲಿದುಬಿಟ್ಟಿದ್ದಾರೆ. ಪೆರೋ ಕೆಮ್ಮುವಷ್ಟು ನಗುತ್ತಾನೆ. ಹೌದು, ಕೈ ಅವಳದ್ದಲ್ಲ, ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ಬೆಂದು ಬಿರುಕುಬಿಟ್ಟ ಅವಳ ಕೈಯನ್ನು ಯಾವ ಮನೆಯ ಗೋಡೆ ಒಪ್ಪುತ್ತದೆ, ಅಂಗಾಲಿನ ಕೊಳೆ ಬರೆಯಬಾರದು, ಮೊಣಕೈಯ ಕಪ್ಪು ಬರೆಯಬಾರದು, ದುಡಿದ ಗುರುತು ಮೈಯಲ್ಲೆಲ್ಲೂ ಇರಬಾರದು, ಇದು ಶಾಲೆ ಕಲಿಸಿದ್ದು, ಕಲ್ಲುಗಣಿಯಲ್ಲಿ ಸ್ಲೇಟು ಸೀಳುತ್ತಿದ್ದ ಅಪ್ಪನ ಬೆರಳಿಗೆ ಉಗುರೇ ಇರಲಿಲ್ಲ, ಆ ಅಪ್ಪ ಒಮ್ಮೆ ಪ್ಯಾರಿಸಿಗೆ ಬಂದು ಮಗನ ಚಿತ್ರ ನೋಡಿ ಕೇಳಿದ್ದ, ಏನೋ ಮಗ, ಇವರ್ಯಾರೂ ಕೆಲಸ ಮಾಡಲ್ವಾ?

ಕಣ್ಣಿದ್ದ ಜಾಗ ಈಗ ಬೋಳು ಕ್ಯಾನ್ವಾಸು. ಇದ್ದಿಲಿನ ಕಡ್ಡಿ ತೆಗೆದು ಹಾಳೆ ನೋಡಿಕೊಂಡು ಕಣ್ಣಿನ ಗೆರೆ ಎಳೆದ, ಗೆರೆ ತಪ್ಪಿತು, ಅಳಿಸಬೇಕು, ಪೆಟ್ಟಿಗೆಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಬ್ರೆಡ್ಡು, ಇದ್ದಿಲು ಅಳಿಸಲು ಬ್ರೆಡ್ಡಿನ ಹಸಿ ತಿರುಳಿನಷ್ಟು ಮೆತ್ತಗಿನದು ಇನ್ನೊಂದಿಲ್ಲ, ಚಿವುಟಿ ತೆಗೆದು ಬೆರಳ ತುದಿಯಲ್ಲಿ ನಾದಿ ಒತ್ತಿದರೆ ಗೆರೆಯನ್ನು ಕುಡಿದುಕೊಂಡುಬಿಡುತ್ತದೆ, ಒತ್ತಿದ, ತಿರುಳು ಕಪ್ಪಾಯಿತು — ಅಲ್ಲಿ ನಿಂತ. ಅಲ್ಲೇ ನಿಲ್ಲಬಾರದಿತ್ತು. ಅಂದೂ ಬ್ರೆಡ್ಡು, ಅರ್ಧ ಲೋಫು, ಎರಡು ದಿನದಿಂದ ಅಂಗಡಿಗಳು ಮುಚ್ಚಿದ್ದವು, ಮನೆಯಲ್ಲಿದ್ದ ಅಷ್ಟನ್ನೂ ಅವನು ಅಳಿಸಲು ಇಟ್ಟುಕೊಂಡಿದ್ದ, ಭುಜ ಅಳಿಸಿದ, ಕುತ್ತಿಗೆ ಅಳಿಸಿದ, ಕಪ್ಪು ಉಂಡೆಗಳು ನೆಲದ ಮೇಲೆ ಬೀಳುತ್ತಿದ್ದವು, ನಾಲ್ಕು ಗಂಟೆಗೆ ಕಟ್ಟು ಬಿಚ್ಚಿ ಕೈ ಉಜ್ಜಿಕೊಳ್ಳುತ್ತ ಅವಳು ನೆಲ ನೋಡಿದಳು, ಮುಸ್ಯೂ, ಅದನ್ನ ಬಿಸಾಕ್ತೀರಾ, ಇಲ್ಲ ನಾನು ತಿನ್ನಲಾ? ನಿನ್ನೆಯಿಂದ ಏನೂ ಇಲ್ಲ. ಪಕ್ಕದ ತಟ್ಟೆಯಲ್ಲಿ ಬಿಳಿ ಬ್ರೆಡ್ಡು ಇನ್ನೂ ಒಂದು ಹಿಡಿ ಇತ್ತು. ಇತ್ತು. ನಾಳೆ ಪಾದ ಬರೆಯುವಾಗ ಬೇಕಾಗುತ್ತದೆ ಎಂದುಕೊಂಡ. ತಿನ್ನು, ಎಂದ, ನೆಲದ ಕಡೆ ತೋರಿಸಿ. ಮಂಡಿಯೂರಿ ಕೂತು ಹೆಕ್ಕಿದಳು, ಎರಡೂ ಕೈಯಲ್ಲಿ, ನುಂಗುವ ಆತುರಕ್ಕೆ ತುಟಿ, ಹಲ್ಲು, ಗಲ್ಲ ಎಲ್ಲ ಕಪ್ಪು, ಉಳಿದ ನಾಲ್ಕು ಉಂಡೆ ಲಿಯೋನಿಗೆ ಎಂದು ಮುಷ್ಟಿಯಲ್ಲಿ ಹಿಡಿದುಕೊಂಡು, ಕಪ್ಪು ಬಾಯಿ ತೆರೆದು ನಕ್ಕು, ದೇವರು ಒಳ್ಳೇದು ಮಾಡಲಿ ಮುಸ್ಯೂ ಎಂದು ಮೆಟ್ಟಿಲಿಳಿದಳು.

ಕಿಟಕಿಯಿಂದ ನೋಡಿದ. ನೋಡಲಿಲ್ಲ ಎಂದು ಎಷ್ಟೋ ಸಲ ತನಗೇ ಹೇಳಿಕೊಂಡಿದ್ದಾನೆ, ನೋಡಿದ. ಬೀದಿಯ ತಿರುವಿನಲ್ಲಿ ದಂಗೆ ಅಡಗಿಸಲು ವರ್ಸಾಯಿಯಿಂದ ಬಂದ ಸರ್ಕಾರಿ ಸೈನಿಕರು, ಎಳೆಯ ಸೈನಿಕನೊಬ್ಬ ಅವಳ ಮುಷ್ಟಿ ಬಿಡಿಸಿ ಅಂಗೈ ಮೇಲೆತ್ತಿ ನೋಡಿದ, ಗಲ್ಲ ಹಿಡಿದು ಬಾಯಿ ತೆರೆಸಿದ, ಕುದುರೆಯ ಹಲ್ಲು ನೋಡುವ ಹಾಗೆ, ಸಿಡಿಮದ್ದು! ಎಂದು ಕೂಗಿದ, ಕೈಯೆಲ್ಲ ಮದ್ದು, ಬಾಯೆಲ್ಲ ಮದ್ದು, ಬೆಂಕಿಯೋಳು! ಕಿಟಕಿ ತೆರೆದು ಒಂದು ಮಾತು, ಏಯ್, ಅದು ಇದ್ದಿಲು, ನನ್ನ ಇದ್ದಿಲು, ಇಷ್ಟೇ ಸಾಕಿತ್ತು. ಅವಳು ತಲೆಯೆತ್ತಿ ಈ ಕಿಟಕಿಯತ್ತ ತೋರಿಸುತ್ತಿದ್ದಳು. ಅವನು ಪರದೆ ಎಳೆದ, ಧೂಳು ಬಂದು ಹಸಿಬಣ್ಣಕ್ಕೆ ಕೂತೀತು ಎಂದು. ಆಗಸ್ಟಿನಲ್ಲಿ ಸೇನಾ ನ್ಯಾಯಾಲಯದ ಕ್ಯಾಪ್ಟನ್ ಬಂದ, ಬಹಳ ಸಭ್ಯ, ಟೋಪಿ ತೆಗೆದು ಮಾತಾಡಿದ, ಬೆಂಕಿ ಹಚ್ಚಿದ ಹೆಂಗಸರ ಪಟ್ಟಿಗೆ ಹೆಸರು ಬೇಕಾಗಿದ್ದ ದಿನಗಳು, ಇವಳು ಅಂದು ಇಡೀ ಹಗಲು ನಿಮ್ಮಲ್ಲಿದ್ದೆ ಅಂತಾಳೆ ಮಾನ್ಯರೇ, ನಿಜವಾ? ಅಕಾಡೆಮಿಯಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು, ನವೆಂಬರಿಗೆ ಮತ. ಅರಮನೆ ಉರಿಯುವಾಗ ಅದೇ ಉರಿಯ ಬೆಳಕಿನಲ್ಲಿ, ದಂಗೆ ಸೇರಿದವನೊಬ್ಬನ ಹೆಂಡತಿಯನ್ನು ಬಾಗಿಲು ಹಾಕಿಕೊಂಡು ಬೆತ್ತಲೆ ನಿಲ್ಲಿಸಿಕೊಂಡಿದ್ದೆ ಎಂದು ಯಾರು ಹೇಳಿಯಾರು, ಹೇಳಿದವನಿಗೆ ಯಾರು ಕುರ್ಚಿ ಕೊಟ್ಟಾರು. ಅವಳು ನನ್ನಲ್ಲಿ ನಿಂತದ್ದು ಅರವತ್ತೊಂಬತ್ತರಲ್ಲಿ ಕ್ಯಾಪ್ಟನ್, ಯುದ್ಧಕ್ಕೆ ಮುಂಚೆ, ಚಿತ್ರ ಆಗಲೇ ಮುಗಿದಿತ್ತು, ಆಮೇಲೆ ಅವಳನ್ನು ನೋಡಿದ ನೆನಪಿಲ್ಲ. ಕ್ಯಾಪ್ಟನ್ ಚಿತ್ರದ ಕಡೆ ಬೆರಳು ಚಾಚಿದಾಗ ಗಾಬರಿಯಾಗಿ ಕೈ ಹಿಡಿದು ತಡೆದಿದ್ದ, ಮುಟ್ಟಿದ್ದರೆ ಬಿಳಿ ಕೈಗವಸಿಗೆ ಕಂದು ಹತ್ತುತ್ತಿತ್ತು. ಕುರ್ಚಿ ಸಿಕ್ಕಿತು. ಸರ್ಕಾರ ಚಿತ್ರ ಕೊಂಡಿತು. ಚೌಕಟ್ಟಿನ ಹಿತ್ತಾಳೆ ಫಲಕದಲ್ಲಿ ಅವನ ಹೆಸರು, ಕೆಳಗೆ 1869. ಅವಳಿಗೆ ದ್ವೀಪ.

ಕಣ್ಣಿನ ಬಿಳಿ, ಪಾಪೆ, ಪಾಪೆಯೊಳಗೆ ಒಂದು ಚುಕ್ಕೆ ಬೆಳಕು, ರೆಪ್ಪೆಯ ಅಂಚಿನಲ್ಲಿ ತೆಳು ಕೆಂಪು, ಕೈ ತಾನಾಗಿಯೇ ಮಾಡುತ್ತದೆ, ನಲವತ್ತು ವರ್ಷದ ಕೈ, ಕೈಗೆ ಮಾನ ಮರ್ಯಾದೆಯ ಗೊಡವೆ ಇಲ್ಲ, ಮುಗಿಯಿತು, ಕಣ್ಣು ತನ್ನ ಜಾಗಕ್ಕೆ ಬಂದು ಅವನನ್ನೇ ನೋಡಿತು. ಕೊಟ್ಟುಬಿಡು. ಒಂದು ಹಾಳೆ, ಒಂದು ಹುಡುಗಿ, ಒಂದು ಬಾಗಿಲು, ಯಾರಿಗೆ ತಿಳಿದೀತು. ತಿಳಿಯುತ್ತದೆ, ಹುಡುಗಿ ಅತ್ತೆಗೆ ತೋರಿಸುತ್ತಾಳೆ, ಅತ್ತೆ ಪಕ್ಕದ ಮನೆಗೆ, ದ್ವೀಪದಿಂದ ಬಂದವರದ್ದೇ ಈಗ ಪತ್ರಿಕೆಗಳಿವೆ, ಸಭೆಗಳಿವೆ, ಒಬ್ಬ ಹಲ್ಲು ಕಡಿಯುವ ಪತ್ರಕರ್ತ ಹಾಳೆ ಹಿಡಿದು ಈ ಫಲಕದ ಮುಂದೆ ನಿಂತು ಕೇಳಿದರೆ ಸಾಕು, ಯಾವುದು ಸುಳ್ಳು ಮೇಷ್ಟ್ರೇ, ಇದೋ ಅದೋ? ಸೇನಾ ನ್ಯಾಯಾಲಯಕ್ಕೆ ಹೇಳಿದ ಸುಳ್ಳು. ಇಲ್ಲ ಎಂದುಬಿಡು ಹಾಗಾದರೆ, ನೇರವಾಗಿ, ಮುಖ ನೋಡಿ. ಅದೂ ಆಗದು. ಅಪ್ಪನಿಗೆ ಆಗುತ್ತಿತ್ತು, ಇಲ್ಲ ಎಂದರೆ ಇಲ್ಲ, ಗಣಿಯ ಒಡೆಯನ ಮುಖಕ್ಕೇ ಅಂದವನು. ಮಗನಿಗೆ ಕಲಿಸಿದ್ದು ತಿದ್ದುವುದನ್ನು. ಏಣಿಯ ಮೇಲೆ, ಅವಳಿಗೆ ಬೆನ್ನು ಮಾಡಿ, ಹಾಳೆಯನ್ನು ಮೊಳೆಯಿಂದ ಬಿಡಿಸಿದ, ಬಲಮೂಲೆ, ಜೆಫಿರಿನ್, 24 ಮೇ, 9ರಿಂದ 4, ಆಮೇಲೆ ರೋಮನ್ ಇಸವಿ, ಕೊನೆಯಲ್ಲಿ ಹತ್ತರ ಕತ್ತರಿ ಗುರುತು, ಅದರ ಬಲಕ್ಕೆ ಒಂದರ ಕಡ್ಡಿ, ಎಪ್ಪತ್ತೊಂದು, ಆ ಕಡ್ಡಿಯೊಂದನ್ನು ಎತ್ತಿ ಕತ್ತರಿಯ ಎಡಕ್ಕೆ ಇಟ್ಟರೆ ಅರವತ್ತೊಂಬತ್ತು, ಒಂದೇ ಒಂದು ಕಡ್ಡಿ, ಇರುವೆಯ ಕಾಲಿನಷ್ಟು, ಬ್ರೆಡ್ಡಿನ ತಿರುಳನ್ನು ಚೂಪಾಗಿ ನಾದಿದ, ಒತ್ತಿದ, ಕಡ್ಡಿ ಹೋಯಿತು, ಇದ್ದಿಲಿನ ತುದಿಯಿಂದ ಎಡಕ್ಕೊಂದು ಎಳೆದ. ಈ ಗೆರೆ ತಪ್ಪಲಿಲ್ಲ.

ಏಣಿ ಇಳಿದು ಕೊಟ್ಟ. ಅವಳು ಕೈಯನ್ನು ಲಂಗಕ್ಕೆ ಎರಡು ಸಲ ಒರೆಸಿಕೊಂಡು ತೆಗೆದುಕೊಂಡಳು, ಕಣ್ಣು ಕಿರಿದು ಮಾಡಿ ಮೂಲೆಯನ್ನು ನೋಡಿದಳು, ನನಗೆ ಅಕ್ಷರ ಬರಲ್ಲ ಮುಸ್ಯೂ, ಆದ್ರೆ ಅಂಕಿ ಬರುತ್ತೆ, ಒಂಬತ್ತು ವರ್ಷ ಬೆನ್ನ ಮೇಲೆ ನಂಬರು ಹೊತ್ತು ಕಲಿತುಬಿಟ್ಟೆ, ಇದು ಎರಡು, ಇದು ನಾಲ್ಕು, ಇಪ್ಪತ್ತನಾಲ್ಕು, ಸರೀನಾ? ಸರಿ, ಎಂದ. ಇದು ಒಂಬತ್ತು. ಇದು ನಾಲ್ಕು. ಎಲ್ಲ ಇದೆ! ಈ ಕಡ್ಡಿ ಕತ್ತರಿ ಏನು? ಅದು ಇಸವಿ, ನಮ್ಮ ಶಾಲೆಯವರು ಬರೆಯೋ ರೀತಿ, ಎಂದ, ಧ್ವನಿ ಎಂದಿನಂತೆಯೇ ಬಂತು, ಅದೇ ಸೋಜಿಗ. ಲಿಯೋನಿಗೆ ಬರುತ್ತೆ ಬಿಡಿ, ಎಂದಳು ಅವಳು, ಇಗರ್ಜಿಯ ಸಮಾಧಿ ಕಲ್ಲುಗಳ ಮೇಲಿರೋದನ್ನೆಲ್ಲ ಕನ್ಯಾಸ್ತ್ರೀಯರು ಓದೋಕೆ ಕಲಿಸಿದ್ದಾರಂತೆ. ಹಾಳೆಯನ್ನು ಮಡಿಸಲಿಲ್ಲ, ಭುಜ ಮುಕ್ಕಾದೀತು ಎಂದು ಸುರುಳಿ ಸುತ್ತಿ ಶಾಲಿನೊಳಗೆ ಎದೆಗೆ ಒತ್ತಿಕೊಂಡಳು, ಬಾಗಿಲ ತನಕ ಹೋದವಳು ತಿರುಗಿದಳು, ಒಂದು ಮಾತು ಮುಸ್ಯೂ, ಅಲ್ಲಿ ನನ್ನ ಜೊತೇಲಿದ್ದೋರೆಲ್ಲ ದಿನಾ ಬೆಳಿಗ್ಗೆ ಎದ್ದು ಯಾರಿಗಾದರೂ ಶಾಪ ಹಾಕೋರು, ನೀನೂ ಆ ಚಿತ್ರ ಬರೆಯೋನಿಗೆ ಹಾಕು ಹಾಕು ಅಂತ ಪೀಡಿಸೋರು, ನಾನು ಹಾಕ್ಲಿಲ್ಲ. ಅವತ್ತು ತಿನ್ನೋಕೆ ಕೊಟ್ಟೋರು ನೀವೊಬ್ಬರೇ ಅಂತ.

ಪೆರೋ ಬಾಗಿಲು ಹಾಕಿದ. ಬೂಟಿನ ಸದ್ದು ಮೆಟ್ಟಿಲಿಳಿಯುತ್ತದೆ, ಅಂಗಳ, ಗೇಟು, ಈಗ ಸೇತುವೆ ದಾಟುತ್ತಾಳೆ, ಓಣಿ, ಮೂರನೇ ಮಹಡಿ, ಬಾಗಿಲು ತಟ್ಟುತ್ತಾಳೆ, ಓದು ಮಗಳೇ ಎಂದು ಸಂದಿಯಿಂದ ಹಾಳೆ ಒಳಗೆ ತೂರಿಸುತ್ತಾಳೆ, ಹುಡುಗಿ ಕಿಟಕಿಯ ಬೆಳಕಿಗೆ ಹಿಡಿದು ಬೆರಳಿಟ್ಟು ಓದುತ್ತಾಳೆ, ಒಂದು ಸಾವಿರ, ಎಂಟು ನೂರು, ಅರವತ್ತು, ಆಮೇಲೆ ಆ ಕಡ್ಡಿ, ಆಮೇಲೆ ಕತ್ತರಿ, ಅರವತ್ತೊಂಬತ್ತು, ಬೆಂಕಿಗೆ ಎರಡು ವರ್ಷ ಮುಂಚೆ, ಇನ್ನೊಮ್ಮೆ ಓದುತ್ತಾಳೆ, ಹೊರಗೆ ಇವಳು ಬಾಗಿಲಿಗೆ ಕೆನ್ನೆಯಿಟ್ಟು ಕಾಯುತ್ತಾಳೆ, ಅಗುಳಿ ಸರಿಯುವ ಸದ್ದಿಗೆ, ಸರಿಯಲಿಲ್ಲವೇ, ಇನ್ನೊಂದು ಚೂರು, ಸರಿಯುತ್ತದೆ — ಓಡಬಹುದು, ಇನ್ನೂ ಸೇತುವೆಯ ಮೇಲೇ ಇರುತ್ತಾಳೆ, ಏಯ್ ಜೆಫಿರಿನ್ ಎಂದು ಕೂಗಬಹುದು, ಕಡ್ಡಿಯೊಂದು ಜಾಗ ತಪ್ಪಿದೆ ಕೊಡು ತಿದ್ದುತ್ತೇನೆ ಎನ್ನಬಹುದು, ಅರವತ್ತೆರಡು ವರ್ಷದ ಮೊಣಕಾಲು, ಆದರೂ ಓಡಬಹುದು, ಮೇಷ್ಟ್ರೇ ಏಣಿ ಎತ್ತಿಡಲಾ ಎಂದು ಪೆರೋ ಕೇಳುತ್ತಾನೆ, ಎತ್ತಿಡು, ಕಣ್ಣು ಬಹಳ ಚೆನ್ನಾಗಿ ಬಂತು ಮೇಷ್ಟ್ರೇ ಎನ್ನುತ್ತಾನೆ, ಹ್ಞೂಂ, ಗುರುವಾರ ಮಂತ್ರಿಗಳು, ಕಪ್ಪು ಕೋಟು ಇಸ್ತ್ರಿಗೆ ಹಾಕಿಸಬೇಕು, ಗುರುವಾರ, ಸೇತುವೆ ದಾಟಿರಬೇಕು ಈಗ, ಅಂಗೈಯಲ್ಲಿ ಏನೋ ಮೆತ್ತಗೆ, ಬಿಡಿಸಿ ನೋಡಿದ, ಉಂಡೆ, ಕಪ್ಪುಂಡೆ, ಎಲ್ಲಿ ಎಸೆಯುವುದು, ನೆಲಕ್ಕೆ ಎಸೆದರೆ, ಎಸೆಯಬಾರದು ನೆಲಕ್ಕೆ, ಕಪ್ಪು, ತುಟಿ ಕಪ್ಪು, ಗಲ್ಲ ಕಪ್ಪು, ಆ ಬಾಯಿ, ತೆರೆದು ನಗುತ್ತಿದೆ ಆ ಬಾಯಿ, ದೇವರು ಒಳ್ಳೇದು ಮಾಡಲಿ ಎನ್ನುವ ಆ ಕಪ್ಪು ಬಾಯಿ, ಗುರುವಾರ, ಆ ಬಾಯಿ, ಕೋಟು, ಆ ಬಾಯಿ, ಆ ಬಾಯಿ